ವೇಷದ ಹಿಂದೆ ಕಿವಿಯಿಡಿ: ಶಾಲಾ ಹಿಮ್ಮೇಳ ಕೇಳುವವರಿಗೊಂದು ಕೈಪಿಡಿ

ಆಗಸ್ಟ್ 15ರ ಬೆಳಿಗ್ಗೆ ಪುತ್ತೂರು, ಸುಳ್ಯ, ಕಡಬದ ಪೇಟೆಯಲ್ಲಿ ನಿಂತರೆ ಮಳೆ ಬಿಟ್ಟ ಸಣ್ಣ ಅವಕಾಶದಲ್ಲಿ ಶಾಲೆಗಳ ಬ್ಯಾಂಡ್ ಸೆಟ್ ಹಾದುಹೋಗುತ್ತದೆ. ಸೈಡ್ ಡ್ರಮ್, ಬಾಸ್ ಡ್ರಮ್, ದೊಡ್ಡ ತಾಳ, ಕೆಲವು ಕಡೆ ಬ್ಯೂಗಲ್. ಅದನ್ನು ಮೆಚ್ಚಲು ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಕಾಲು ತಾನಾಗಿ ಹೆಜ್ಜೆ ಹಾಕುತ್ತದೆ, ಅಷ್ಟಾದರೆ ಅದರ ಕೆಲಸ ಮುಗಿಯಿತು. ಆದರೆ ಇದೇ ಹೈಸ್ಕೂಲುಗಳಲ್ಲಿ ಕೆಲವೆಡೆ ಮಕ್ಕಳದೇ ಇನ್ನೊಂದು ವಾದ್ಯಮೇಳ ಇದೆ. ಡಿಸೆಂಬರ್ ಜನವರಿಯ ವಾರ್ಷಿಕೋತ್ಸವದ ರಾತ್ರಿ, ಬಹುಮಾನ ವಿತರಣೆ, ಫಿಲ್ಮಿ ಡ್ಯಾನ್ಸು ಎಲ್ಲ ಮುಗಿದ ಮೇಲೆ, ಕಿರೀಟ ಕಟ್ಟಿ ಯಕ್ಷಗಾನ ಆಡುವ ಮಕ್ಕಳ ಹಿಂದೆ ಅದು ಇರುತ್ತದೆ. ಎಲ್ಲರ ಮೊಬೈಲೂ ವೇಷದ ಕಡೆಗೆ ತಿರುಗಿರುವುದರಿಂದ ಹಾಡು ವಾದ್ಯಗಳ ಈ ಹಿಮ್ಮೇಳ ಫೋಟೋದಲ್ಲಿ ಮಸುಕಾಗಿಯೇ ಬೀಳುತ್ತದೆ.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಹಿಮ್ಮೇಳವನ್ನು ಕೇಳಲು ಕಲಿಯಬೇಕೆಂದು ಬಂದವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ಪದ್ಯ ಹಾಡುವ ದೊಡ್ಡ ಭಾಗವತರ ಧ್ವನಿಮುದ್ರಿಕೆಯಿಂದ ಶುರುಮಾಡಿ ಎಂದು. ನಾನು ಅದನ್ನು ಒಪ್ಪುವುದಿಲ್ಲ. ನುರಿತವರ ಹಿಮ್ಮೇಳದಲ್ಲಿ ಬೆಸುಗೆ ಕಾಣುವುದಿಲ್ಲ. ಎಲ್ಲವೂ ಒಂದೇ ಪ್ರವಾಹವಾಗಿ ಬಂದು ಹೊಸಬನನ್ನು ಮುಳುಗಿಸಿಬಿಡುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿ ಪದ ಹೇಳಿ, ಹತ್ತನೇ ಕ್ಲಾಸಿನ ಹುಡುಗ ಮದ್ದಳೆ ಹಿಡಿದಾಗ ಕಾಲ ತುಸು ನಿಧಾನ, ಪೆಟ್ಟುಗಳು ಬಿಡಿಬಿಡಿ, ಒಬ್ಬರು ಇನ್ನೊಬ್ಬರನ್ನು ನೋಡುವುದು ಬಹಿರಂಗ. ಯಾವುದು ಎಲ್ಲಿ ಸೇರುತ್ತದೆ ಎಂಬುದು ಅಲ್ಲಿ ತಿಳಿಯುವಷ್ಟು ಚೆನ್ನಾಗಿ ಬೇರೆಲ್ಲೂ ತಿಳಿಯದು.

ಹಾಗಾಗಿ ಮುಂದಿನ ವಾರ್ಷಿಕೋತ್ಸವದಲ್ಲಿ ನಡುವಿನ ಕುರ್ಚಿ ಬಿಟ್ಟು ಹಿಮ್ಮೇಳದ ಕೈ ಕಾಣುವ ಬದಿಗೆ ಹೋಗಿ ಕೂತುಕೊಳ್ಳಿ. ಮೊದಲು ಜಾಗಟೆ ಕೇಳಿ. ಭಾಗವತರ ಎಡಗೈಯಲ್ಲಿ ತೂಗುವ ಕಂಚಿನ ತಟ್ಟೆ, ಬಲಗೈಯಲ್ಲಿ ಗಿಡ್ಡ ಕೋಲು. ಉತ್ತರದ ಶೈಲಿಯಾದ ಬಡಗಿನವರು ಕೈತಾಳ ಹಿಡಿದರೆ ನಮ್ಮವರು ಜಾಗಟೆ ಹಿಡಿಯುತ್ತಾರೆ. ಕಾಲವನ್ನು ಕಟ್ಟಿ ನಿಲ್ಲಿಸುವುದು ಇದೇ. ಪದ್ಯ ಏಕತಾಳದಲ್ಲಿದ್ದರೆ ನಾಲ್ಕು ಮಾತ್ರೆ, ರೂಪಕವಾದರೆ ಆರು, ತ್ರಿವುಡೆಗೆ ಏಳು, ಝಂಪೆಗೆ ಹತ್ತು. ಲೆಕ್ಕ ತಪ್ಪಿದರೆ ಚಿಂತೆ ಬೇಡ. ತೊಡೆಯ ಮೇಲೆ ಮೂರು, ಎರಡು, ಎರಡು ಎಂದು ತಟ್ಟಿಕೊಂಡು ಒಂದು ತ್ರಿವುಡೆ ಪದ್ಯವನ್ನು ಕೊನೆತನಕ ಹಿಂಬಾಲಿಸಿದರೆ ಸಾಕು, ಆ ರಾತ್ರಿಗೆ ಅದೇ ದೊಡ್ಡ ಪಾಠ. ಪಕ್ಕದಲ್ಲಿ ಚಕ್ರತಾಳ ಹಿಡಿದ ಹುಡುಗನನ್ನೂ ನೋಡಿ. ಹಿಮ್ಮೇಳ ಕಲಿಯುವವರಿಗೆ ಮೊದಲು ಸಿಗುವ ಆಸನ ಹೆಚ್ಚಾಗಿ ಅದೇ. ಅವನಿಗೆ ಹಾಡಬೇಕಾದ್ದಿಲ್ಲ, ಬಿಡ್ತಿಗೆಯನ್ನು, ಅಂದರೆ ಮುಕ್ತಾಯದ ನುಡಿಯನ್ನು, ನುಡಿಸಬೇಕಾದ್ದಿಲ್ಲ. ಆದರೆ ಒಮ್ಮೆ ಅವನು ಎಡವಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಆಮೇಲೆ ಮದ್ದಳೆ. ಹಲಸಿನ ಮರದ ಕಳಸಿಗೆ (ಒಡಲು), ಎರಡು ಬದಿ ಚರ್ಮದ ಮುಚ್ಚಿಗೆ, ಬಲಬದಿಯ ನಡುವೆ ಕರಿಯ ಕರಣೆ. ಈ ಬಲಬದಿ ಭಾಗವತರ ಶ್ರುತಿಗೆ ಸರಿಯಾಗಿ ಕೂಡಬೇಕು. ಶ್ರುತಿಯನ್ನು ನಮ್ಮಲ್ಲಿ ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಹೇಳುವುದು: ಕಪ್ಪು ಎರಡು, ಕಪ್ಪು ಮೂರು, ಬಿಳಿ ಐದು. ಒಂದು ಮದ್ದಳೆ ಒಂದೆರಡು ಮನೆಯಾಚೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ವೃತ್ತಿಯವರು ಬೇರೆಬೇರೆ ಶ್ರುತಿಯ ಮದ್ದಳೆಗಳನ್ನು ಹೊತ್ತು ತರುವುದು ಇದಕ್ಕೇ. ಹೈಸ್ಕೂಲಿನಲ್ಲಿ ಇದು ದೊಡ್ಡ ತಲೆನೋವು. ಜೂನ್‌ನಲ್ಲಿ ಇಂಪಾಗಿ ಹಾಡುತ್ತಿದ್ದ ಎಂಟನೇ ಕ್ಲಾಸಿನ ಹುಡುಗನ ಗಂಟಲು ಡಿಸೆಂಬರಿಗೆ ಒಡೆದು ಮೂರು ಮನೆ ಕೆಳಗಿಳಿದಿರುತ್ತದೆ, ಶಾಲೆಯಲ್ಲಿರುವ ಮದ್ದಳೆ ಮಾತ್ರ ಅದೊಂದೇ. ಗುರುಗಳು ಆಗ ಭಾಗವತಿಕೆಯನ್ನು ಹುಡುಗಿಯರಿಗೆ ದಾಟಿಸುತ್ತಾರೆ. ಶ್ರುತಿಯ ಕಷ್ಟದಿಂದ ಹುಟ್ಟಿದ ಈ ಏರ್ಪಾಡು ನನ್ನ ಲೆಕ್ಕದಲ್ಲಿ ಲಾಭವೇ.

ಮಳೆಗಾಲದ ವಿಷಯವನ್ನೂ ಇಲ್ಲೇ ಹೇಳಬೇಕು. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಕಲಾವಿದರು ಊರಲ್ಲಿರುತ್ತಾರೆ, ಶಾಲೆಗಳ ತರಗತಿ ಕುದುರುವುದು ಆಗಲೇ. ಆದರೆ ಜುಲೈಯ ಕಡಬ ಸುಳ್ಯದ ಗಾಳಿಯಲ್ಲಿ ಚರ್ಮ ತೇವ ಕುಡಿದು ಸಡಿಲವಾಗುತ್ತದೆ, ನಾದ ಕುಸಿಯುತ್ತದೆ. ವಾದ್ಯಕ್ಕೆ ಬಿಸಿ ತಾಗಿಸಿ, ಹಗ್ಗ ಎಳೆದು ಸರಿಮಾಡುವುದರಲ್ಲೇ ಅರ್ಧ ತರಗತಿ ಹೋಗುತ್ತದೆ. ಉಳಿದರ್ಧ ಬಾಯಿತಾಳ. ಕೈಗೆ ವಾದ್ಯ ಸಿಗುವ ಮೊದಲು ಬಾಯಲ್ಲಿ ನುಡಿ ಕೂತಿರಬೇಕು, ಬೆಂಚಿನ ಮೇಲೆ ಬೆರಳು ಆಡಿರಬೇಕು. ಗಣಿತದ ಪಿರಿಯಡ್ಡಿನಲ್ಲಿ ಡೆಸ್ಕು ಬಡಿಯುವ ಹುಡುಗನನ್ನು ಗದರುವ ಮೊದಲು ಅವನು ತ್ರಿವುಡೆಯ ಬಿಡ್ತಿಗೆ ಅಭ್ಯಾಸ ಮಾಡುತ್ತಿದ್ದಾನೋ ಎಂದು ಮೇಷ್ಟ್ರು ಒಮ್ಮೆ ಕಿವಿಗೊಡುವುದು ಒಳ್ಳೆಯದು.

ಚೆಂಡೆಯನ್ನು ಕೊನೆಗೆ ಇಟ್ಟುಕೊಳ್ಳಿ. ಹೊಸಬನ ಕಿವಿಗೆ ಮೊದಲು ಬೀಳುವುದೂ ಅದೇ, ಅವನನ್ನು ಹೆಚ್ಚು ದಾರಿತಪ್ಪಿಸುವುದೂ ಅದೇ. ತೆಂಕಿನಲ್ಲಿ ಚೆಂಡೆಯವರು ನಿಂತು ಬಾರಿಸುತ್ತಾರೆ, ಕಣ್ಣು ವೇಷದ ಕಾಲಿನ ಮೇಲೆ. ವೇಷ ಸುತ್ತುತ್ತಾ ದಿಗಿಣ ಹಾರುವಾಗ, ಯುದ್ಧದಲ್ಲಿ, ತೆರೆಯ ಹಿಂದಿನಿಂದ ರಾಕ್ಷಸ ಪಾತ್ರದ ಬಣ್ಣದ ವೇಷ ಆರ್ಭಟಿಸುವಾಗ ಚೆಂಡೆಯಿಲ್ಲದೆ ಆಟವೇ ಇಲ್ಲ. ಆದರೆ ಗಮನಿಸಿ, ಶೃಂಗಾರ ಕರುಣೆಯ ಪದ್ಯಗಳಲ್ಲಿ ಅದು ಸುಮ್ಮನಾಗುತ್ತದೆ, ಮದ್ದಳೆಯೊಂದೇ ಪದ್ಯವನ್ನು ಹೊರುತ್ತದೆ. ಭಾಮಿನಿ, ವಾರ್ಧಕ, ಕಂದಗಳು ಬಂದಾಗ ತಾಳದ ಕಟ್ಟೂ ಬಿಚ್ಚಿ, ಶ್ರುತಿಯ ಮೇಲೆ ರಾಗವೊಂದೇ ತೇಲುತ್ತದೆ. ಅಭಿಮನ್ಯುವಿಗೆ ಸುಭದ್ರೆ ಹೋಗಬೇಡವೆನ್ನುವ ಹೊತ್ತು, ನಂತರ ಅವನು ಚಕ್ರವ್ಯೂಹಕ್ಕೆ ನುಗ್ಗುವ ಹೊತ್ತು, ಈ ಎರಡರ ನಡುವೆ ಹಿಮ್ಮೇಳ ಹೇಗೆ ಬದಲಾಯಿತು ಎಂದು ಕೇಳಿಸಿಕೊಂಡವನು ಅರ್ಧ ರಸಿಕನಾದಂತೆ.

ಚೆಂಡೆ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಚೆಂಡೆ ಏರಿದಾಗಲೂ ಪದ್ಯದ ಅಕ್ಷರ ಕೇಳುತ್ತದೆಯೇ? ಕೇಳದಿದ್ದರೆ ಕೈ ಎಷ್ಟೇ ವೇಗವಾಗಿರಲಿ, ಶಿಳ್ಳೆ ಎಷ್ಟೇ ಬೀಳಲಿ, ಅದು ಹಿಮ್ಮೇಳದ ಚೆಂಡೆಯಲ್ಲ. ಕೇರಳದ ಗಡಿ ಹತ್ತಿರವಿರುವ ನಮ್ಮಲ್ಲಿ ಜಾತ್ರೆ ಮೆರವಣಿಗೆಗೆಲ್ಲ ಸಿಂಗಾರಿ ಮೇಳ ಬರುತ್ತದೆ, ಮದುವೆಗೆ ನಾಸಿಕ್ ಬ್ಯಾಂಡು. ಮಕ್ಕಳ ಕೈಗೆ ಆ ಅಬ್ಬರ ಬೇಗ ಅಂಟುತ್ತದೆ. ಅದರ ಮೇಲೆ ನನಗೆ ಮುನಿಸಿಲ್ಲ, ಬೀದಿಗೆ ಅದು ಸರಿ. ಆದರೆ ಅಲ್ಲಿ ತಾಳ ತನ್ನಷ್ಟಕ್ಕೆ ಮೆರೆಯಬಹುದು. ಇಲ್ಲಿ ಹಾಡಿಗೂ ಕುಣಿತಕ್ಕೂ ಬಗ್ಗಬೇಕು. ಬ್ಯಾಂಡ್ ಸೆಟ್ಟಿನಲ್ಲಿ ಪಳಗಿದ ಹುಡುಗ ಚೆಂಡೆಗೆ ಬಂದಾಗಲೂ ಇದೇ ತೊಡಕು. ಬ್ಯಾಂಡಿನಲ್ಲಿ ಎಷ್ಟು ಸುತ್ತು, ಎಲ್ಲಿ ನಿಲುಗಡೆ ಎಲ್ಲವೂ ಮೊದಲೇ ಗೊತ್ತು. ಹಿಮ್ಮೇಳದಲ್ಲಿ ವೇಷಧಾರಿ ಇನ್ನೊಂದು ಸುತ್ತು ಕುಣಿದರೆ ಇನ್ನೊಂದು ಸುತ್ತು, ಅವನು ದಣಿದರೆ ಅಲ್ಲಿಗೇ ಬಿಡ್ತಿಗೆ. ಭಾಗವತರನ್ನು ಹಿರಿಯರು ಮೊದಲನೆಯ ವೇಷ ಎಂದದ್ದು ಸುಮ್ಮನೆ ಅಲ್ಲ. ಪ್ರಸಂಗವನ್ನು ಎಳೆಯುವುದು, ಮೊಟಕು ಮಾಡುವುದು, ಮಾತು ಮರೆತ ಪಾತ್ರಧಾರಿಗೆ ಎಳೆ ಕೊಡುವುದು ಎಲ್ಲ ಆ ಆಸನದಿಂದಲೇ. ಒಂಬತ್ತನೇ ಕ್ಲಾಸಿನ ಹುಡುಗಿಯ ತಲೆಯ ಮೇಲೆ ಇಷ್ಟು ಭಾರವಿದೆ ಎಂದು ತಿಳಿದು ಕೇಳಿ.

ಈ ಊರುಗಳಿಗೆ ಹಿಮ್ಮೇಳದ ನಂಟು ಹಳೆಯದು. ಭಾಗವತ ಪದ್ಯಾಣ ಗಣಪತಿ ಭಟ್ಟರು ಸುಳ್ಯ ತಾಲ್ಲೂಕಿನ ಕಲ್ಮಡ್ಕದವರು. 2021ರಲ್ಲಿ ತೀರಿಕೊಳ್ಳುವವರೆಗೂ ಅವರ ಪದ್ಯ ಕೇಳಲೆಂದೇ ಆಟಕ್ಕೆ ಹೋಗುವವರಿದ್ದರು. ಮಧೂರಿನಲ್ಲಿ ಹುಟ್ಟಿ ಕಡಬದ ಚೆಂಡೆ ಮದ್ದಳೆ ವಾದಕ ಹರಿನಾರಾಯಣ ಬೈಪಾಡಿತ್ತಾಯರ ಕೈಹಿಡಿದ ಲೀಲಾವತಿ ಬೈಪಾಡಿತ್ತಾಯರು ಗಂಡಸರದೇ ಆಗಿದ್ದ ಭಾಗವತರ ಆಸನದಲ್ಲಿ ಕೂತು ವೃತ್ತಿಮೇಳದಲ್ಲಿ ಇರುಳಿಡೀ ಹಾಡಿದರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು, ಮರುವರ್ಷ ಡಿಸೆಂಬರಿನಲ್ಲಿ ಅವರು ಇಲ್ಲವಾದರು. ಇವತ್ತು ಹೈಸ್ಕೂಲಿನ ಹುಡುಗಿ ಜಾಗಟೆ ಹಿಡಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆ ದಾರಿ ಸವೆಸಿದವರಲ್ಲಿ ಮೊದಲ ಹೆಸರು ಅವರದು.

ಇನ್ನು ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ದಶಕಗಟ್ಟಲೆ ಇದ್ದ ಶಿವರಾಮ ಕಾರಂತರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ತೆಂಕಿನ ಮಡಿಲಲ್ಲಿ ಮನೆ ಮಾಡಿಯೂ ಪ್ರಯೋಗಗಳಿಗೆ ಅವರು ಆರಿಸಿಕೊಂಡದ್ದು ಬಡಗನ್ನು, ಅದರ ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನು ಸೇರಿಸಿದರು. ಬೈದವರು ಬಹಳ. ಬ್ಯಾಂಡಿನ ವಾದ್ಯ ರಂಗಸ್ಥಳಕ್ಕೆ ಬರಬಾರದೆಂಬುದು ಬೈದವರ ತಕರಾರು. ಪಕ್ಕದ ಬಂಟ್ವಾಳ ತಾಲ್ಲೂಕಿನ ಸಜಿಪದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ ಅದನ್ನೇ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದನ್ನು ಕಂಡವರು ನಾವು. ವಾದ್ಯದ ಹುಟ್ಟೂರು ಕೇಳಿ ಬಾಗಿಲು ಹಾಕುವುದು ನನಗಂತೂ ಸರಿಕಾಣದು. ಆದರೂ ಶಾಲಾ ಹಿಮ್ಮೇಳಕ್ಕೆ ಕೀಬೋರ್ಡು ಸೇರಿಸುವ ಹೊಸ ಉಮೇದನ್ನು ತಡೆಯುವುದು ಮೇಲು. ಮಕ್ಕಳು ಮೊದಲು ಇರುವ ನಾಲ್ಕು ವಾದ್ಯಗಳ ಮಾತು ಕಲಿಯಲಿ.

ಈಗ ದೂರು. ಯಕ್ಷಧ್ರುವ ಪಟ್ಲ ಫೌಂಡೇಷನ್ನಿನಂಥ ಸಂಸ್ಥೆಗಳು ಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಿವೆ, ಸುಳ್ಯದ ರಂಗಮನೆಯಂಥ ಕೇಂದ್ರಗಳು ಮಕ್ಕಳನ್ನು ರಂಗಕ್ಕೆ ತರುತ್ತಿವೆ. ಒಳ್ಳೆಯದೇ. ಆದರೆ ವಾರ್ಷಿಕೋತ್ಸವದ ದಿನ ನೋಡಿದರೆ ಹೆಚ್ಚಿನ ಕಡೆ ವೇಷ ಹಾಕುವ ಮುಮ್ಮೇಳದಲ್ಲಿ ಮೂವತ್ತು ಮಕ್ಕಳು, ಹಿಮ್ಮೇಳದಲ್ಲಿ ಒಬ್ಬರೂ ಇಲ್ಲ. ಹಾಡುವವರು ಬಾರಿಸುವವರು ಎಲ್ಲ ಹೊರಗಿನಿಂದ ಬಂದ ವೃತ್ತಿಪರರು. ಕಾರಣ ಊಹಿಸುವುದು ಕಷ್ಟವಲ್ಲ. ಕುಣಿತವನ್ನು ಆರು ತಿಂಗಳಲ್ಲಿ ವೇದಿಕೆಗೆ ತರಬಹುದು, ಮದ್ದಳೆಗೆ ಮೂರು ವರ್ಷ ಬೇಕು. ವೇಷ ಹಾಕಿದ ಮಗುವಿನ ಫೋಟೋ ಮನೆಯ ಗೋಡೆಗೇರುತ್ತದೆ, ಚಕ್ರತಾಳ ಬಾರಿಸಿದ ಮಗುವಿನದು ಏರುವುದಿಲ್ಲ. ಹಿಮ್ಮೇಳ ಕೆಟ್ಟರೆ ಇಡೀ ಆಟ ಕೆಡುತ್ತದೆಂಬ ಭಯ ಗುರುಗಳಿಗೂ ಇದೆ.

ಆ ಭಯಕ್ಕೆ ಮೇಳಗಳು ಹಿಂದೆಯೇ ಉಪಾಯ ಕಂಡುಕೊಂಡಿದ್ದವು. ಪ್ರಸಂಗಕ್ಕೆ ಮೊದಲು ಪೂರ್ವರಂಗ ಇರುತ್ತಿತ್ತು: ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ. ಕುಣಿಯುವವರು ಎಳೆಯರು, ಹಾಡಲು ಸಂಗೀತಗಾರನೆಂದು ಕರೆಸಿಕೊಳ್ಳುವ ಕಿರಿಯ ಭಾಗವತ, ಬಾರಿಸಲು ಕಲಿಯುತ್ತಿರುವವರು. ಮುಖ್ಯ ಭಾಗವತರು ಬಂದು ಕೂರುವುದು ಆಮೇಲೆ. ತಪ್ಪಲು, ತಿದ್ದಿಕೊಳ್ಳಲು ಅಲ್ಲಿ ಜಾಗವಿತ್ತು. ಶಾಲೆಯ ಒಂದೂವರೆ ಗಂಟೆಯ ಆಟದಲ್ಲಿ ಸಮಯ ಸಾಲದೆಂದು ಮೊದಲು ಕತ್ತರಿ ಬೀಳುವುದು ಈ ಪೂರ್ವರಂಗಕ್ಕೇ. ಅದನ್ನು ಕಾಲು ಗಂಟೆ ಉಳಿಸಿ, ಆ ಕಾಲು ಗಂಟೆಯ ಹಿಮ್ಮೇಳವನ್ನು ಪೂರಾ ಮಕ್ಕಳಿಗೇ ಬಿಟ್ಟುಕೊಟ್ಟರೆ ಉಳಿದ ಪ್ರಸಂಗವನ್ನು ವೃತ್ತಿಪರರು ನಡೆಸಲಿ, ಅಡ್ಡಿಯಿಲ್ಲ.

ಹೆತ್ತವರಿಗೆ, ಹಳೆವಿದ್ಯಾರ್ಥಿ ಸಂಘದವರಿಗೆ ಒಂದು ಮಾತು. ಈ ಸಲ ಕಿರೀಟಕ್ಕೆ ದೇಣಿಗೆ ಕೊಡುವ ಬದಲು ಶಾಲೆಗೆ ಇನ್ನೊಂದು ಶ್ರುತಿಯ ಮದ್ದಳೆ ಕೊಡಿಸಿ, ಜೂನ್‌ನಲ್ಲಿ ತರಗತಿ ಶುರುವಾಗುವಾಗಲೇ ಹಿಮ್ಮೇಳಕ್ಕೆ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿರಿ ಎಂದು ಗುರುಗಳನ್ನು ಕೇಳಿ.