ಕಣ, ಪೆಟ್ಟು ಮತ್ತು ಸಭೆ: ಜಾರ್ಜ್ ಬೆಲೋಸ್‌ನ ಒಂದು ಕಲ್ಲಚ್ಚು

ದೃಶ್ಯಕಲೆಯ ವಾಸ್ತವವಾದವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಕಂಡದ್ದನ್ನು ಕಂಡಂತೆ ಚಿತ್ರಿಸುವುದೆಂಬ ವ್ಯಾಖ್ಯೆಯಲ್ಲಿಯೇ ನಿಂತುಬಿಡುತ್ತವೆ. ಕಾಣುವವನು ಯಾರು, ಆತ ನಿಂತಿರುವುದೆಲ್ಲಿ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಅಮೆರಿಕದ ಕಲಾವಿದ ಜಾರ್ಜ್ ಬೆಲೋಸ್ (1882–1925) 1917ರಲ್ಲಿ ರಚಿಸಿದ ‘ಎ ಸ್ಟ್ಯಾಗ್ ಅಟ್ ಶಾರ್ಕೀಸ್’ ಎಂಬ ಕಲ್ಲಚ್ಚಿನ ಚಿತ್ರ ಈ ಪ್ರಶ್ನೆಯನ್ನೇ ಎದುರಿಗಿಡುತ್ತದೆ.

1909ರ ತನ್ನದೇ ತೈಲವರ್ಣಚಿತ್ರವನ್ನು ಬೆಲೋಸ್ ಇಲ್ಲಿ ಕಪ್ಪು–ಬಿಳುಪಿಗೆ ತಂದಿದ್ದಾನೆ. ಆ ಮೂಲಚಿತ್ರದ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಸಾರ್ವಜನಿಕ ಮುಷ್ಟಿಕಾಳಗ ನಿಷಿದ್ಧವಾಗಿತ್ತು. ಹೊರಗಿನ ಹೋರಾಟಗಾರನಿಗೆ ಅಂದಿನ ಮಟ್ಟಿಗೆ ಸದಸ್ಯತ್ವ ನೀಡಿ ಖಾಸಗಿ ಕ್ಲಬ್ಬುಗಳು ಕಾನೂನಿನಿಂದ ನುಣುಚಿಕೊಳ್ಳುತ್ತಿದ್ದವು. ‘ಸ್ಟ್ಯಾಗ್’ ಎಂದರೆ ಅಂಥ ತಾತ್ಕಾಲಿಕ ಸದಸ್ಯ; ಗಂಡಸರಷ್ಟೇ ಸೇರುವ ಕೂಟಕ್ಕೂ ಅದೇ ಹೆಸರು.

ಇಬ್ಬರು ಹೋರಾಟಗಾರರ ದೇಹಗಳು ಒಂದಕ್ಕೊಂದು ಒರಗಿ ತ್ರಿಕೋನವಾಗಿವೆ. ಜಿಡ್ಡಿನ ಕಡ್ಡಿ ಕಲ್ಲಿನ ಮೇಲೆ ಹಾಯ್ದಲ್ಲೆಲ್ಲ ಕತ್ತಲು. ಮಸಿ ತಾಗದೆ ಉಳಿದ ಕಾಗದದ ಬಿಳುಪೇ ಅವರ ಮೈಯ ಬೆಳಕು. ಆದರೆ ಅವರ ಮುಖಗಳು ಸ್ಪಷ್ಟವಿಲ್ಲ. ಮುಖಗಳಿರುವುದು ಸುತ್ತ ಕುಳಿತು ಬಾಯ್ದೆರೆದು ನೋಡುವವರಿಗೆ. ದೃಷ್ಟಿಕೋನ ಕಣಕ್ಕಿಂತ ಕೆಳಗಿರುವುದರಿಂದ ನಾವೂ ಅದೇ ಸಾಲಿನಲ್ಲಿ ಕುಳಿತಂತಾಗುತ್ತದೆ.

ಪೆರ್ಡೂರಿನಂಥ ಮೇಳದ ಊರಿನಲ್ಲಿ ಆಟ ನೋಡಿ ಬೆಳೆದವರಿಗೆ ಇಲ್ಲಿ ‘ಕಂಸವಧೆ’ ನೆನಪಾಗುವುದು ಸಹಜ. ಚಾಣೂರ–ಮುಷ್ಟಿಕರೊಡನೆ ಕೃಷ್ಣ–ಬಲರಾಮರ ಕಾಳಗ ಯಕ್ಷಗಾನದಲ್ಲಿ ತಾಳಬದ್ಧವಾದ ಕುಣಿತವಾಗುತ್ತದೆ. ಪೆಟ್ಟು ಚೆಂಡೆಯಲ್ಲಿ ಕೇಳಿಸುತ್ತದೆ, ರಕ್ತ ಕಾಣಿಸದು. ಆಟದಲ್ಲಿ ಪ್ರೇಕ್ಷಕರು ರಂಗದ ಹೊರಗೆ ಉಳಿಯುತ್ತಾರೆ. ಬೆಲೋಸ್ ಅವರನ್ನು ಚಿತ್ರದೊಳಕ್ಕೇ ಎಳೆದಿದ್ದಾನೆ.

ಈ ಪ್ರಸಂಗದ ಆಕರವಾದ ಭಾಗವತದ ದಶಮಸ್ಕಂಧದಲ್ಲಿ ಇನ್ನೊಂದು ಸಂಗತಿಯಿದೆ. ಬಾಲಕರಿಗೂ ಬಲಿಷ್ಠ ಮಲ್ಲರಿಗೂ ನಡೆಯುವ ಆ ಅಸಮಾನ ಕಾಳಗವನ್ನು ಕಂಡ ಮಥುರೆಯ ಸ್ತ್ರೀಯರು, ಅದನ್ನು ನೋಡುತ್ತ ಕುಳಿತ ಸಭೆಯದೇ ಅಧರ್ಮವೆಂದು ಮರುಗುತ್ತಾರೆ. ಹೊಡೆಯುವವನ ಜೊತೆಗೆ ನೋಡುವವನನ್ನೂ ಹೊಣೆಗಾರನನ್ನಾಗಿಸುವ ಈ ವಿವೇಕ ನಮ್ಮ ಕಲಾವಿಮರ್ಶೆಗೂ ಒಂದು ಮಾನದಂಡವಾಗಬಲ್ಲದು.

ಈ ಮಾನದಂಡದಿಂದ ನೋಡಿದಾಗ ಬೆಲೋಸ್‌ನ ಸಾಧನೆಯೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಆತ ಸಭೆಯ ದೋಷವನ್ನು ನಿರ್ದಾಕ್ಷಿಣ್ಯವಾಗಿ ದಾಖಲಿಸಿದ್ದಾನೆ. ಜೊತೆಗೆ ಸ್ನಾಯುಗಳ ಸೆಳೆತಕ್ಕೆ ತಾನೂ ಮನಸೋತಿದ್ದಾನೆ. ಗಂಡಸರೇ ತುಂಬಿದ ಆ ಕೋಣೆಯಲ್ಲಿ ಮಥುರೆಯ ಸ್ತ್ರೀಯರ ದನಿಯಿಲ್ಲ. ಆ ಮಾತನ್ನು ಆಡುವ ಹೊಣೆ ಚಿತ್ರದೆದುರು ನಿಂತ ನೋಡುಗನಿಗೆ ಉಳಿದಿದೆ.