ಹಾಡಿನ ಹುಲಿ, ಕಾದಂಬರಿಯ ಕಾಳಿಂಗ

ನಮ್ಮ ಇಂದಾಪುರ ತಾಲ್ಲೂಕಿನ ಕಡಬನವಾಡಿಯ ಹುಲ್ಲುಗಾವಲಿನಲ್ಲಿ ಚಿಂಕಾರಗಳಿವೆ, ತೋಳಗಳಿವೆ, ಕುರಿ ಮೇಯಿಸುವ ಧನಗರರಿದ್ದಾರೆ. ಹುಲಿ ಮಾತ್ರ ಇಲ್ಲ. ಆದ್ದರಿಂದ ಮನೆಯಲ್ಲಿ ಪುಣ್ಯಕೋಟಿಯ ಕಥೆ ಹೇಳಹೊರಟರೆ, ಮರಾಠಿ ಶಾಲೆಗೆ ಹೋಗುವ ನಮ್ಮ ಮಕ್ಕಳು ಹುಲಿಯ ಜಾಗದಲ್ಲಿ ತೋಳವನ್ನು ಕಲ್ಪಿಸಿಕೊಳ್ಳುತ್ತಾರೆ. “ಹಿಡಿದ ಆಕಳನ್ನು ತೋಳ ಮನೆಗೆ ಕಳಿಸುತ್ತದೆಯೇ?” ಎಂಬುದು ಅವರ ಪ್ರಶ್ನೆ. ಉತ್ತರ ಹುಡುಕುತ್ತ ನಾವು ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ ಕಾದಂಬರಿಯನ್ನು ಮತ್ತೆ ತೆರೆದೆವು. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡ ಮೇಲೆ ಅವರ ಹಳೆಯ ಪುಸ್ತಕಗಳನ್ನು ಓದುವ ಮನಸ್ಸೂ ಇತ್ತು.

1968ರಲ್ಲಿ ಪ್ರಕಟವಾದ ಈ ಕೃತಿ ನಮ್ಮ ಜನಪದದ ಗೋವಿನ ಹಾಡನ್ನು ಹೊಸ ಕಾಲಕ್ಕೆ ತರುತ್ತದೆ. ಹಾಡಿನಲ್ಲಿ ಗೊಲ್ಲನ ಹೆಸರು ಕಾಳಿಂಗ. ಕಾದಂಬರಿಯ ನಾಯಕನೂ ಕಾಳಿಂಗನೇ. ಆದರೆ ಇವನು ಅಮೆರಿಕದಲ್ಲಿ ವ್ಯವಸಾಯಶಾಸ್ತ್ರ ಓದಿ, ಹಿಲ್ಡಾ ಎಂಬ ಅಲ್ಲಿಯ ಹೆಣ್ಣನ್ನು ಮದುವೆಯಾಗಿ ಊರಿಗೆ ಮರಳಿದವನು. ಊರಿಗೆ ತಾಯಿಯಾದ ಹಸು ಹಿಲ್ಡಾಳಿಗೆ ಹಾಲನ್ನೂ ಮಾಂಸವನ್ನೂ ಕೊಡುವ ಒಂದು ಪ್ರಾಣಿ. ಪುಣ್ಯಕೋಟಿಯ ವಂಶದ ಹಸು ಅವಳ ಊಟಕ್ಕೆ ಬಲಿಯಾದಾಗ ಮನೆಯೂ ಊರೂ ಒಡೆಯುತ್ತವೆ.

ಮೇಲುನೋಟಕ್ಕೆ ಹಿಲ್ಡಾಳೇ ಇಲ್ಲಿಯ ಹುಲಿ. ಆದರೆ ಹಾಡಿನ ಕಾಡಿನಲ್ಲಿ ಹಸುವಿನ ಮಾತು ಹುಲಿಗೆ ಅರ್ಥವಾಗುತ್ತದೆ. ಕೊಟ್ಟ ಮಾತಿಗೆ ಹಸು ಮರಳಿ ಬಂದಾಗ ಹುಲಿಯ ಮನಸ್ಸೇ ಬದಲಾಗುತ್ತದೆ, ಅದು ತನ್ನ ಪ್ರಾಣವನ್ನೇ ಬಿಡುತ್ತದೆ. ಕಾದಂಬರಿಯ ಊರಿನಲ್ಲಿ ಅಂಥ ಸಂಭಾಷಣೆ ಸಾಧ್ಯವಾಗುವುದಿಲ್ಲ. ಕಾಡಿಗಿಂತ ಊರೇ ಹೆಚ್ಚು ದುರ್ಗಮವಾಯಿತು ಎಂಬುದು ಈ ಕೃತಿಯ ನಿಜವಾದ ಶೋಧ ಎಂದು ನಮಗೆ ತೋರುತ್ತದೆ.

ಭೈರಪ್ಪನವರು ಹಿಲ್ಡಾಳ ಬಾಯಿಗೆ ಗಟ್ಟಿಯಾದ ವಾದಗಳನ್ನೇ ಕೊಟ್ಟಿದ್ದಾರೆ. ಅದು ಅವರ ಪ್ರಾಮಾಣಿಕತೆ. ಆದರೂ ಎಷ್ಟೋ ಕಡೆ ಅವಳು ವಾದವಾಗಿ ನಿಲ್ಲುತ್ತಾಳೆಯೇ ಹೊರತು, ಪರದೇಶಕ್ಕೆ ಬಂದ ಹೆಣ್ಣಾಗಿ ನಮ್ಮ ಮನಸ್ಸನ್ನು ಹೊಗುವುದಿಲ್ಲ. ಹಾಡಿನ ಹುಲಿಗೆ ದೊರೆತ ಕರುಣೆ ಅವಳಿಗೆ ಪೂರ್ತಿಯಾಗಿ ದೊರೆತಿಲ್ಲ. ಇದು ಕೃತಿಯ ಕೊರತೆ ಎಂದೇ ಹೇಳಬೇಕು.

ನಮ್ಮನ್ನು ಹೆಚ್ಚು ಕಾಡುವವನು ಕಾಳಿಂಗ. ಎರಡು ಲೋಕಗಳಲ್ಲೂ ಬಾಳಿದವನು ಅವನು. ಊರಿನ ನಂಬಿಕೆಯನ್ನು ಹೆಂಡತಿಗೂ, ಹೆಂಡತಿಯ ಲೋಕವನ್ನು ಊರಿಗೂ ತಿಳಿಸಿ ಹೇಳಬೇಕಾದ ಹೊಣೆ ಅವನದು. ಆ ಹೊಣೆಯಲ್ಲಿ ಅವನು ಸೋಲುತ್ತಾನೆ. ಹೊರನಾಡಿನಲ್ಲಿ ಮನೆ ಮಾಡಿಕೊಂಡಿರುವ ನಾವು ಅವನನ್ನು ಸುಲಭವಾಗಿ ದೂರುವಂತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲಾಚೆ ಮರಾಠಿ. ನಡುವೆ ನಿಂತ ನಾವು ಮಕ್ಕಳಿಗೆ ಎಷ್ಟನ್ನು ದಾಟಿಸಿದ್ದೇವೆ?

ಈ ಕಥೆಯನ್ನು ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಕೂಡಿ 1977ರಲ್ಲಿ ಚಲನಚಿತ್ರವಾಗಿಸಿದರು. ‘ಗೋಧೂಳಿ’ ಎಂದು ಹಿಂದಿಯಲ್ಲೂ ಬಂತು. ಮಕ್ಕಳಿಗೆ ಚಿತ್ರ ತೋರಿಸುವುದು ಸುಲಭ. ಆದರೆ ಹಾಡು ತಿಳಿಯದವರಿಗೆ ಶೀರ್ಷಿಕೆಯ ನೋವು ತಟ್ಟುವುದು ಕಷ್ಟ. ಆದಕಾರಣ ವಾಚಕರಲ್ಲಿ ನಮ್ಮದೊಂದು ವಿನಂತಿ: ಮೊದಲು ಹಾಡು, ಆಮೇಲೆ ಕಾದಂಬರಿ. ಹುಲಿಯ ಜಾಗದಲ್ಲಿ ತೋಳ ಬಂದರೂ ಚಿಂತೆಯಿಲ್ಲ; ಅದು ಹಸುವನ್ನು ಏಕೆ ನಂಬಿತು ಎಂದು ಮಕ್ಕಳು ಕೇಳಲಿ, ನಾವು ಕನ್ನಡದಲ್ಲಿ ಉತ್ತರ ಹೇಳೋಣ.