ಗೋಡೆಯೇನು ಕಸದ ತೊಟ್ಟಿಯೇ?

ಅಪಾರ್ಟ್‌ಮೆಂಟ್ ಬ್ರೋಶರ್‌ಗಳಲ್ಲಿ ಸ್ವಿಮ್ಮಿಂಗ್ ಪೂಲ್, ಕ್ಲಬ್ ಹೌಸ್ ಜೊತೆಗೆ ಈಗ ಇನ್ನೊಂದು ಸಾಲು ಸೇರಿಕೊಂಡಿದೆ: ಮರುಬಳಕೆಯ ವಸ್ತುಗಳಿಂದ ಕಟ್ಟಿದ ಹಸಿರು ಮನೆ. ಹಾರುಬೂದಿ, ಸ್ಲ್ಯಾಗ್, ಹಳೇ ಟಯರಿನ ಪುಡಿ ಎಲ್ಲವೂ ಆ ಒಂದೇ ಸಾಲಿನಲ್ಲಿ ಬಂದುಬಿಡುತ್ತವೆ. ಓದಿದವರಿಗೂ ಖುಷಿ. ಇಪ್ಪತ್ತು ವರ್ಷ ಇಎಂಐ ಕಟ್ಟಬೇಕು, ಜೊತೆಗೆ ಭೂಮಿಗೂ ಸ್ವಲ್ಪ ಪುಣ್ಯ ಬಂದರೆ ಬೇಡ ಅನ್ನೋಕಾಗುತ್ತಾ? ಆದರೆ ಈ ಮೂರೂ ಒಂದೇ ಜಾತಿಯ ಕಸ ಅಲ್ಲ. ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಮೇಲೆ ಹಸಿರು ಚೀಟಿ ಅಂಟಿಸೋದು ನನ್ನ ತಕರಾರು.

ಮೊದಲು ಹಾರುಬೂದಿಗೆ ಸಲ್ಲಬೇಕಾದ ಗೌರವ ಸಲ್ಲಿಸೋಣ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಒಂದಷ್ಟು ಸುಣ್ಣ ಹೊರಬರುತ್ತದೆ. ಹಾರುಬೂದಿಯಲ್ಲಿರುವ ಸಿಲಿಕಾ ಆ ಸುಣ್ಣವನ್ನು ಹಿಡಿದುಕೊಂಡು ಮತ್ತಷ್ಟು ಅಂಟು ತಯಾರಿಸುತ್ತದೆ. ಅಂದರೆ ಅದು ಗಾರೆಯೊಳಗೆ ಸುಮ್ಮನೆ ಕೂತಿರೋದಿಲ್ಲ, ದುಡಿಯುತ್ತದೆ. ಉಕ್ಕಿನ ಕಾರ್ಖಾನೆಯ ಊದುಕುಲುಮೆಯಿಂದ ಬರುವ ಸ್ಲ್ಯಾಗನ್ನು ನುಣ್ಣಗೆ ಅರೆದರೆ ಅದೂ ಹೀಗೇ ದುಡಿಯುತ್ತದೆ. ಅದಕ್ಕೇ ಪಿಪಿಸಿ ಸಿಮೆಂಟಿನಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ, ಸ್ಲ್ಯಾಗ್ ಸಿಮೆಂಟಿನಲ್ಲಿ ಶೇ. 25ರಿಂದ 70ರವರೆಗೆ ಸ್ಲ್ಯಾಗ್ ಸೇರಿಸಲು ನಮ್ಮ ಐಎಸ್ ಮಾನದಂಡಗಳೇ ಒಪ್ಪುತ್ತವೆ. ಸಿಮೆಂಟಿಗೆ ಬೇಕಾದ ಕ್ಲಿಂಕರ್ ಮಾಡಲು ಸುಣ್ಣಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಒಂದು ಟನ್ ಕ್ಲಿಂಕರಿಗೆ ಹತ್ತಿರ ಹತ್ತಿರ 800 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ. ಆ ಕ್ಲಿಂಕರಿನ ಜಾಗದಲ್ಲಿ ಶಕ್ತಿನಗರದ ಬೂದಿಯೋ ತೋರಣಗಲ್ಲಿನ ಸ್ಲ್ಯಾಗೋ ಬಂದು ಕೂತರೆ ಉಳಿತಾಯ ನಿಜವಾದದ್ದು.

ಇದೇನೂ ಹೊಸ ಜ್ಞಾನವೂ ಅಲ್ಲ. 1911ರಲ್ಲಿ ಕೆಲಸ ಶುರುವಾದ ಕೆಆರ್‌ಎಸ್ ಅಣೆಕಟ್ಟು ಎದ್ದಿದ್ದು ಸುರ್ಕಿ ಗಾರೆಯ ಮೇಲೆ. ಸುರ್ಕಿ ಅಂದರೆ ಸುಟ್ಟ ಇಟ್ಟಿಗೆಯ ಪುಡಿ. ಅದು ಸುಣ್ಣದ ಜೊತೆ ಮಾಡೋದೂ ಹಾರುಬೂದಿ ಮಾಡೋ ಕೆಲಸವನ್ನೇ. ಒಡೆದ ಇಟ್ಟಿಗೆ, ಹೆಂಚು ಎಸೆಯದೆ ಕುಟ್ಟಿ ಗಾರೆಗೆ ಹಾಕುತ್ತಿದ್ದ ನಮ್ಮ ಹಳ್ಳಿ ಕಡೆಯ ಹಿರಿಯರಿಗೆ 'ಸಸ್ಟೇನಬಲ್' ಅನ್ನೋ ಪದ ಗೊತ್ತಿರಲಿಲ್ಲ, ಅಷ್ಟೇ.

ಈಗ ಟಯರಿಗೆ ಬರೋಣ. ರಬ್ಬರ್ ಪುಡಿ ಸಿಮೆಂಟಿನ ಜೊತೆ ಯಾವ ಕ್ರಿಯೆಯನ್ನೂ ನಡೆಸುವುದಿಲ್ಲ. ಅದು ಹೋಗಿ ಕೂರೋದು ಮರಳಿನ ಜಾಗದಲ್ಲಿ. ನೀರಂದ್ರೆ ಅದಕ್ಕೆ ಆಗದು, ಹಾಗಾಗಿ ಸಿಮೆಂಟಿನ ಅಂಟು ಅದರ ಮೈಗೆ ಸರಿಯಾಗಿ ಹಿಡಿಯಲ್ಲ. ಮರಳಿನಷ್ಟು ಗಟ್ಟಿಯೂ ಅಲ್ಲ, ಒತ್ತಿದರೆ ಬಾಗುತ್ತದೆ. 1993ರಲ್ಲಿ ಎಲ್ಡಿನ್ ಮತ್ತು ಸೆನೂಸಿ ಕಾಂಕ್ರೀಟಿನ ಮೇಲೆ ಮಾಡಿದ ಪ್ರಯೋಗದಲ್ಲಿ ಮರಳಿನ ಬದಲು ಪೂರ್ತಿ ರಬ್ಬರ್ ಪುಡಿ ಹಾಕಿದಾಗ ಒತ್ತಡ ತಾಳುವ ಶಕ್ತಿ ಸುಮಾರು ಶೇ. 65ರಷ್ಟು ಬಿದ್ದುಹೋಯಿತು. ಜಲ್ಲಿಯ ಬದಲು ಟಯರ್ ಚೂರು ಹಾಕಿದಾಗ ಸುಮಾರು ಶೇ. 85. ಪೂರ್ತಿ ರಬ್ಬರನ್ನೇ ಯಾರೂ ಹಾಕಲ್ಲ ಬಿಡಿ. ಪ್ರಮಾಣ ಕಡಿಮೆಯಾದರೆ ನಷ್ಟವೂ ಕಡಿಮೆ, ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಅಂಟು ಕೊಂಚ ಸುಧಾರಿಸಬಹುದು. ಆದರೆ ಪುಡಿ ಹೆಚ್ಚಿದಷ್ಟೂ ಶಕ್ತಿ ಇಳಿಯುತ್ತದೆ ಅನ್ನೋದು ಆಮೇಲಿನ ಪ್ರಯೋಗಗಳಲ್ಲೂ ಮತ್ತೆ ಮತ್ತೆ ಕಂಡಿದೆ.

ಜಾಹೀರಾತು ಮುಚ್ಚಿಡುವ ಲೆಕ್ಕ ಇಲ್ಲಿದೆ. ಟಯರ್ ಪುಡಿ ಉಳಿಸೋದು ಮರಳನ್ನು, ಸಿಮೆಂಟನ್ನಲ್ಲ. ಇಂಗಾಲದ ಹೊರೆ ಇರೋದು ಸಿಮೆಂಟಿನಲ್ಲಿ. ಇಳಿದ ಶಕ್ತಿಯನ್ನು ಮತ್ತೆ ಏರಿಸಬೇಕು ಅಂದರೆ ಸುಲಭದ ದಾರಿ ಯಾವುದು? ಇನ್ನೊಂದಿಷ್ಟು ಸಿಮೆಂಟು ಸುರಿಯೋದು! ಟಯರನ್ನು ಕತ್ತರಿಸಿ, ಒಳಗಿನ ತಂತಿ ತೆಗೆದು, ಪುಡಿ ಮಾಡಲು ಬೇಕಾದ ಕರೆಂಟು ಬೇರೆ. ಬಗ್ ಸರಿಮಾಡದೆ ಎರರ್ ಮೆಸೇಜನ್ನು ಮಾತ್ರ ಮರೆಮಾಡಿ ರಿಲೀಸ್ ಮಾಡಿದ ಹಾಗೆ ಇದು. ಡ್ಯಾಶ್‌ಬೋರ್ಡ್ ಹಸಿರಾಗಿ ಕಾಣುತ್ತೆ, ಸಮಸ್ಯೆ ಗೋಡೆಯೊಳಗೆ ಹಾಗೇ ಇರುತ್ತೆ.

ಹಾಗಂತ ರಬ್ಬರ್ ಗಾರೆ ಕೆಲಸಕ್ಕೇ ಬಾರದ್ದು ಅಂತಲ್ಲ. ಅದು ಹಗುರ, ಬಿಸಿಲಿನ ಕಾವು ಮತ್ತು ಸದ್ದನ್ನು ಸ್ವಲ್ಪ ತಡೆಯುತ್ತದೆ, ಬಾಗುವ ಗುಣವಿದೆ. ಭಾರ ಹೊರದ ಕಡೆ, ನೆಲದಡಿಯ ಪದರದಲ್ಲಿ, ಮೆಷಿನ್ ಅದುರುವ ಜಾಗದಲ್ಲಿ ಅದರ ಉಪಯೋಗ ಇದೆ. ಅಪಾರ್ಟ್‌ಮೆಂಟಿನಲ್ಲಿ ಭಾರ ಹೊರೋದು ಕಂಬ-ತೊಲೆಗಳು, ಹಾಗಾಗಿ ಗಿಲಾವಿನಲ್ಲಿ ಸ್ವಲ್ಪ ರಬ್ಬರ್ ಇದ್ದಮಾತ್ರಕ್ಕೆ ಕಟ್ಟಡ ಕುಸಿದುಬೀಳಲ್ಲ. ಆದರೆ ರಬ್ಬರ್ ಉರಿಯುವ ವಸ್ತು, ಮರಳು ಉರಿಯಲ್ಲ. ಬೆಂಕಿ ಪರೀಕ್ಷೆ ಆಗಿದೆಯಾ ಅಂತ ಕೇಳೋದು ಅತಿಯಾಸೆಯೇನಲ್ಲ. ಇನ್ನೊಂದು ದಿನ ಆ ಗೋಡೆಯನ್ನೂ ಒಡೀತಾರೆ. ಬರೀ ಕಲ್ಲು, ಸಿಮೆಂಟು, ಇಟ್ಟಿಗೆಯ ಅವಶೇಷವನ್ನು ಪುಡಿಮಾಡಿ ಮತ್ತೆ ಬಳಸಬಹುದು, 2016ರ ನಿಯಮಗಳು ಹೇಳಿದ್ದೂ ಅದನ್ನೇ. ಅದರೊಳಗೆ ಟಯರ್ ಪುಡಿ ಬೆರೆತಿದ್ದರೆ ಬೇರ್ಪಡಿಸೋರು ಯಾರು? ಇವತ್ತಿನ ಕಸವನ್ನು ಮೊಮ್ಮಕ್ಕಳ ಕಾಲಕ್ಕೆ ಇನ್ನೂ ಕಗ್ಗಂಟಿನ ಕಸ ಮಾಡಿ ಕಳಿಸಿದಂತಾಯಿತು.

ಟಯರಿಗೆ ಇದಕ್ಕಿಂತ ಒಳ್ಳೇ ದಾರಿಗಳಿವೆ. ರೀಟ್ರೆಡ್ ಮಾಡಿ ಮತ್ತೆ ಓಡಿಸಬಹುದು. ರಸ್ತೆಯ ಡಾಂಬರಿಗೆ ರಬ್ಬರ್ ಪುಡಿ ಬೆರೆಸೋದಕ್ಕೆ ನಮ್ಮಲ್ಲಿ ಮಾನದಂಡವೇ ಇದೆ. ಅಲ್ಲಿ ರಬ್ಬರಿನ ಬಾಗುವ ಗುಣವೇ ಲಾಭ. ಊರಲ್ಲಿ ಟಯರು ಚಪ್ಪಲಿಯಾಗುತ್ತಿತ್ತು, ಶೀಟು ಹಾರದ ಹಾಗೆ ಸೂರಿನ ಮೇಲೆ ಕೂರುತ್ತಿತ್ತು. ಆ ಎರಡೂ ಕಡೆ ಅದನ್ನು ಇಟ್ಟಿದ್ದು ಅದರ ಗುಣ ನೋಡಿ.

ಹಾರುಬೂದಿ ಹಾಕಿದ ತಕ್ಷಣ ಬಿಲ್ಡರ್ ಪಾಸಾದ ಅಂತಲೂ ಅಲ್ಲ. ಅದು ನಿಧಾನಕ್ಕೆ ಗಟ್ಟಿಯಾಗುವ ವಸ್ತು. ಸಾದಾ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ಕ್ಯೂರಿಂಗ್ ಸಾಕಾದರೆ ಇಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ಅನ್ನುತ್ತದೆ ಐಎಸ್ 456. ಟ್ಯಾಂಕರ್ ನೀರಿನ ಬಿಲ್ಲು, ಹ್ಯಾಂಡೋವರ್ ಡೇಟು ಎರಡೂ ಕುತ್ತಿಗೆ ಮೇಲಿರುವಾಗ ಮೊದಲು ಕತ್ತರಿ ಬೀಳೋದು ಈ ಮೂರು ದಿನಕ್ಕೇ. ಆಮೇಲೆ ಗೋಡೆ ಉದುರಿದರೆ ಬೈಗುಳ ತಿನ್ನೋದು ಬೂದಿ.

ಹಾಗಾಗಿ ಸೈಟ್ ವಿಸಿಟ್‌ಗೆ ಹೋದಾಗ ಮೂರು ಪ್ರಶ್ನೆ ಕೇಳಿ. ಈ ಕಸ ಯಾವುದರ ಬದಲಿಗೆ ಬಂದಿದೆ, ಸಿಮೆಂಟಿನದೋ ಮರಳಿನದೋ? ಎಷ್ಟು ಶೇಕಡಾ, ಟೆಸ್ಟ್ ರಿಪೋರ್ಟ್ ಎಲ್ಲಿ? ಎಷ್ಟು ದಿನ ನೀರು ಉಣಿಸಿದಿರಿ? ಮೊದಲೆರಡಕ್ಕೆ ಸೇಲ್ಸ್‌ನವರು ಪಿಡಿಎಫ್ ಕಳಿಸಬಹುದು. ಮೂರನೆಯದನ್ನು ಮಾತ್ರ ಮೇಸ್ತ್ರಿಯ ಹತ್ತಿರವೇ ಕೇಳಿ.